ನರಿಯ ಸೀನಿಗೂ ಒಂದು ಸಂಖ್ಯೆ

ಹನ್ನೆರಡರಿಂದ ಆಚೆಗೆ ಎಣಿಸಲು ಯಾರಿಗೂ ಬಾರದಿದ್ದ ಒಂದು ಕಾಡಿನಲ್ಲಿ, ಈ ತುದಿಯಿಂದ ಆ ತುದಿಯವರೆಗೆ ಒಂದೇ ಒಂದು ಬಳ್ಳಿ ಹಬ್ಬಿತ್ತು. ಅದು ಹಳ್ಳವನ್ನು ದಾಟಿ, ಬಂಡೆಯನ್ನು ಸುತ್ತಿ, ಹುಲಿಯ ಗವಿಯ ಮುಂದೆ ಹಾದು, ಎಲ್ಲ ಪ್ರಾಣಿಗಳ ಮನೆಬಾಗಿಲನ್ನೂ ಮುಟ್ಟುತ್ತಿತ್ತು. ಅದರ ಒಂದು ಕೊನೆಯನ್ನು ಹಿಡಿದು, ಎತ್ತರದ ಮತ್ತಿಮರದ ನೆತ್ತಿಯಲ್ಲಿ ಚೆಲುವಜ್ಜಿ ಎಂಬ ಮುದಿ ಕೋತಿ ಕುಳಿತಿರುತ್ತಿದ್ದಳು. ಅಲ್ಲಿಂದ ಅವಳಿಗೆ ಇಡೀ ಕಾಡು ಕಾಣುತ್ತಿತ್ತು.

ಬಳ್ಳಿಯ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ ಇತ್ತು. ಆನೆಗೆ ಒಂದು, ನರಿಗೆ ಎರಡು, ಕರಡಿಗೆ ಮೂರು, ಜಿಂಕೆಗೆ ನಾಲ್ಕು, ಮುಳ್ಳುಹಂದಿಗೆ ಐದು. ಅಜ್ಜಿ ಮೂರು ಸಲ ಬಳ್ಳಿ ಜಗ್ಗಿದರೆ ಅದು ಎಲ್ಲರ ಮನೆಯಲ್ಲೂ ಅಲ್ಲಾಡುತ್ತಿತ್ತು. ಆದರೆ ಕರಡಿ ಮಾತ್ರ ಒಮ್ಮೆ ಮರಳಿ ಜಗ್ಗಿ ಓಗೊಡಬೇಕು. ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಓಗೊಟ್ಟವರಿಗೆ ಅಜ್ಜಿ ಸುದ್ದಿ ಹೇಳುತ್ತಿದ್ದಳು. ಎಲ್ಲಿ ಅತ್ತಿ ಹಣ್ಣಾಗಿದೆ, ಎಲ್ಲಿ ಅಪಾಯವಿದೆ, ಎಲ್ಲವೂ ಹೀಗೆಯೇ ತಿಳಿಯುತ್ತಿತ್ತು. ಹಣ್ಣಿಗೆ ಸರದಿ ಇದ್ದಂತೆ ಕೆಲಸಕ್ಕೂ ಸರದಿ ಇತ್ತು. ಮೂರು ಸಲ ಕರೆದರೂ ಓಗೊಡದ ಸಂಖ್ಯೆ ಖಾಲಿಯೆಂದು ಎಣಿಸಬೇಕೆಂಬುದು ಹಿರಿಯರ ಕಟ್ಟಳೆ.

ಆರನೆಯ ಸಂಖ್ಯೆ ಕೊಂಬಯ್ಯನೆಂಬ ಮಂಗಟ್ಟೆ ಹಕ್ಕಿಯದು. ಮಂಗಟ್ಟೆಗಳ ಸಂಸಾರದ ರೀತಿಯೇ ಬೇರೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯೊಳಗೆ ಹೋಗಿ, ಬಾಗಿಲಿಗೆ ಮಣ್ಣು ಮೆತ್ತಿ, ಕೊಕ್ಕು ತೂರುವಷ್ಟು ಸಂದು ಮಾತ್ರ ಉಳಿಸಿಕೊಳ್ಳುತ್ತದೆ. ಗಂಡು ಹೊರಗಿನಿಂದ ಹಣ್ಣು ತಂದು ಉಣಿಸುತ್ತದೆ. ಹಾಗಾಗಿ ಮಂಗಟ್ಟೆಗಳು ಗೂಡಿಗೊಂದು, ಗಂಡಿಗೊಂದು ಎಂದು ಎರಡು ಸಂಖ್ಯೆಗಳನ್ನು ಮೊದಲೇ ಹೇಳಿ ಹಿಡಿಯುವುದು ವಾಡಿಕೆ. ಆದರೆ ಕೊಂಬಯ್ಯನಿಗೆ ಕೇಳುವುದೆಂದರೆ ಸಂಕೋಚ. 'ಏಳರಿಂದ ಹನ್ನೆರಡರವರೆಗೆ ಹೇಗೂ ಖಾಲಿ ಬಿದ್ದಿವೆ. ಯಾವಾಗ ಕೇಳಿದರೂ ಸಿಕ್ಕೀತು' ಎಂದುಕೊಂಡು ಅವನು ಒಂದನ್ನೇ ಪಡೆದನು. ಅವನ ಹೆಂಡತಿ ನೀಲವ್ವ ಪೊಟರೆ ಸೇರಿದಳು. ಬಳ್ಳಿಯ ಒಂದು ಕುಡಿಯನ್ನು ಸಂದಿನೊಳಗೆ ಎಳೆದುಕೊಂಡು ಕುಳಿತಳು.

ಒಂದು ಬೆಳಿಗ್ಗೆ ಉಡವೊಂದು ಆ ಮರವನ್ನು ಹತ್ತತೊಡಗಿತು. ಅಜ್ಜಿ ಅದನ್ನು ಕಂಡು ಅವಸರದಿಂದ ಆರು ಸಲ ಜಗ್ಗಿದಳು. ಹಳ್ಳದ ಆಚೆಗಿದ್ದ ಕೊಂಬಯ್ಯ ತನ್ನನ್ನೇ ಕರೆದರೆಂದು ಓಗೊಟ್ಟನು. ಪೊಟರೆಯೊಳಗಿದ್ದ ನೀಲವ್ವಳೂ ಓಗೊಟ್ಟಳು. ಎರಡು ಓಗಳು ನಡುದಾರಿಯಲ್ಲಿ ಡಿಕ್ಕಿ ಹೊಡೆದು ಬಳ್ಳಿಗೆ ಗಂಟು ಬಿದ್ದಿತು, ಅಜ್ಜಿಯ ಸುದ್ದಿ ಯಾರಿಗೂ ತಲುಪಲಿಲ್ಲ. ಹಣ್ಣು ಬಂದಿತೆಂದು ನೀಲವ್ವ ಕೊಕ್ಕು ಹೊರಗೆ ಚಾಚಿದರೆ, ಅಲ್ಲಿ ಸಿಕ್ಕಿದ್ದು ಉಡದ ನಾಲಗೆ! ಅವಳು ಅದನ್ನು ಬಲವಾಗಿ ಕಚ್ಚಿದಳು. ಉಡ ದೊಪ್ಪನೆ ಕೆಳಗೆ ಬಿದ್ದಿತು.

"ರೀ, ಇವತ್ತು ನಾಲಗೆ ಸಿಕ್ಕಿತು. ನಾಳೆ ಮೊಟ್ಟೆಯೊಡೆದು ಮರಿ ಬರುತ್ತದೆ. ಅದು ಏನನ್ನು ಕಚ್ಚೀತು?" ಎಂದು ನೀಲವ್ವ ಸಂದಿನಿಂದಲೇ ಗದರಿದಳು. "ನಿಮ್ಮ ಸಂಕೋಚವನ್ನು ಆ ಉಡಕ್ಕೆ ತಿನ್ನಿಸಿ, ಹೋಗಿ ಸಂಖ್ಯೆ ಕೇಳಿ."

ಕೊಂಬಯ್ಯ ಮತ್ತಿಮರಕ್ಕೆ ಹಾರಿದನು. ಚೆಲುವಜ್ಜಿ ತಲೆ ಕೆರೆದುಕೊಂಡಳು.

"ಮೊದಲೇ ಬರಬಾರದಿತ್ತೇ ಮಗಾ? ಉಳಿದ ಆರನ್ನೂ ನರಿ ಗುಳ್ಳಪ್ಪ ಹಿಡಿದುಬಿಟ್ಟ."

"ಆರನ್ನೂ? ಅವನಿಗೆ ಎರಡನೆಯ ಸಂಖ್ಯೆ ಇದೆಯಲ್ಲ ಅಜ್ಜಿ?"

"ಅದು ಅವನಿಗಂತೆ. ಏಳು ಅವನ ಬಾಲಕ್ಕೆ, ಎಂಟು ನೆರಳಿಗೆ, ಒಂಬತ್ತು ಊಳಿಗೆ, ಹತ್ತು ಸೀನಿಗೆ, ಹನ್ನೊಂದು ಕನಸಿಗೆ. ಹನ್ನೆರಡು ಅವನ ಬುದ್ಧಿಗೆ."

"ಅವನಿಗೆ ಬುದ್ಧಿ ಬಂದಿದೆಯೇ?"

"ಇನ್ನೂ ಇಲ್ಲವಂತೆ. ಬರುವ ವೇಳೆಗೆ ಜಾಗ ಸಿದ್ಧವಾಗಿರಲಿ ಎಂದ. ನನ್ನ ಕಣ್ಣು ಮಂಜು. ಆದರೂ ಆರು ಜಾಗದಲ್ಲೂ ಯಾರೋ ಕುಳಿತಿರುವುದಂತೂ ಕಾಣುತ್ತದಪ್ಪ. ಜಾಗದಲ್ಲಿ ಆಳಿದ್ದರೆ ನಾನು ಕಿತ್ತುಕೊಳ್ಳುವಂತಿಲ್ಲ."

ಕುಳಿತಿದ್ದವರು ಒಣಹುಲ್ಲಿನ ಬೊಂಬೆಗಳು. ಅಜ್ಜಿ ಜಗ್ಗಿದಾಗಲೆಲ್ಲ ಗುಳ್ಳಪ್ಪ ಆಯಾ ಬೊಂಬೆಯ ಬಳಿಗೆ ಓಡಿ, ಅದರ ಪರವಾಗಿ ಓಗೊಟ್ಟು, ಅದರ ಪಾಲಿನ ಹಣ್ಣನ್ನು ತಾನು ತಿನ್ನುತ್ತಿದ್ದನು.

ಕೊಂಬಯ್ಯ ಅವನ ಬಳಿಗೆ ಹೋಗಿ ತಲೆ ತಗ್ಗಿಸಿ ನಿಂತನು.

"ಬಾ ಕೊಂಬಣ್ಣ, ಬಾ!" ಎಂದನು ಗುಳ್ಳಪ್ಪ. "ಮೆಲ್ಲಗೆ ಮಾತಾಡು. ಹನ್ನೊಂದನೆಯವನು ಮಲಗಿದ್ದಾನೆ. ಕನಸಲ್ಲವೇ, ಎಚ್ಚರವಾದರೆ ಸತ್ತೇ ಹೋಗುತ್ತಾನೆ."

"ಒಂದೇ ಒಂದು ಸಂಖ್ಯೆ ಬಿಟ್ಟುಕೊಡು ಗುಳ್ಳಪ್ಪ. ಗೂಡಿನಲ್ಲಿ ಹೆಂಡತಿ ಇದ್ದಾಳೆ, ಇಂದೋ ನಾಳೆಯೋ ಮರಿ ಬರುತ್ತದೆ. ಉಡ ಹೊಂಚು ಹಾಕುತ್ತಿದೆ."

"ಅಯ್ಯೋ ಪಾಪ! ನಮ್ಮ ಸೀನು ಮೆದು ಸ್ವಭಾವದವನು. ಹೇಳಿದರೆ ಸ್ವಲ್ಪ ಸರಿದು ಕೂರುತ್ತಾನೆ. ನೀನು ದಿನವೂ ಹನ್ನೆರಡು ಅತ್ತಿಹಣ್ಣು ತಂದುಕೊಡು, ಸಾಕು."

"ನಾನು ದಿನಕ್ಕೆ ತರುವುದೇ ಹನ್ನೆರಡು! ಮರಿಗೇನು ಕೊಡಲಿ?"

"ಹನ್ನೆರಡರ ಆಚೆಗಿನದೆಲ್ಲ ಮರಿಗೇ ಇರಲಿ. ನನಗಂತೂ ಅದನ್ನು ಎಣಿಸಲು ಬರುವುದಿಲ್ಲ" ಎಂದು ನರಿ ಉದಾರವಾಗಿ ನಕ್ಕಿತು.

ಕೊಂಬಯ್ಯನಿಗೆ ಬೇರೆ ದಾರಿ ತೋರಲಿಲ್ಲ. ಮರುದಿನ ಹನ್ನೆರಡು ಹಣ್ಣುಗಳನ್ನು ಗಂಟಲಲ್ಲಿ ತುಂಬಿಕೊಂಡು, ಹೆಂಡತಿಯ ಗೂಡನ್ನು ನೋಡಲು ಮುಖವಿಲ್ಲದೆ, ನೇರವಾಗಿ ನರಿಯ ಮನೆಗೆ ಹಾರಿದನು. ಅಂದು ಬೇಸಿಗೆಯ ಬಿಸಿಲು ಚುರುಕಾಗಿತ್ತು. ಅವನು ಗಂಟಲಿನಿಂದ ಮೊದಲ ಹಣ್ಣನ್ನು ಹೊರಗೆ ತರುವಷ್ಟರಲ್ಲಿ ಬಳ್ಳಿ ಅಲ್ಲಾಡಿತು. ಏಳು! ಗುಳ್ಳಪ್ಪ ಓಡಿಹೋಗಿ ಓಗೊಟ್ಟನು. ಎಂಟು! ಓಡಿದನು. ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು! ನಾಲಗೆ ನೆಲ ಗುಡಿಸುತ್ತಿದ್ದರೂ ಅವನ ಮುಖ ಅರಳಿತ್ತು. "ಆರಕ್ಕೆ ಆರೂ ನನಗೇ! ಅಜ್ಜೀ, ಯಾವ ಮರ? ಹಣ್ಣು ಎಷ್ಟಿದೆ?"

"ಹಣ್ಣಲ್ಲವೋ!" ಎಂದು ಅಜ್ಜಿ ಮೇಲಿನಿಂದ ಕೂಗಿದಳು. "ಹುಲಿರಾಯರ ಮೈಗೆ ಉಣ್ಣಿ ಹತ್ತಿದೆ, ಹೆಕ್ಕಬೇಕು. ಹೋದ ವರ್ಷ ಒಂದರಿಂದ ಆರರವರು ಹೆಕ್ಕಿದರು. ಈ ವರ್ಷ ನಿಮ್ಮವರ ಸರದಿ. ಕಾಲಿಗೊಬ್ಬರಂತೆ ನಾಲ್ವರು, ಬೆನ್ನಿಗೊಬ್ಬರು, ಬಾಲಕ್ಕೊಬ್ಬರು. ಎಲ್ಲರೂ ಓಗೊಟ್ಟದ್ದಾಗಿದೆ. ಬೇಗ ಹೊರಡಿ!"

ಕೊಂಬಯ್ಯ ಹಣ್ಣನ್ನು ಮೆಲ್ಲನೆ ಮತ್ತೆ ಗಂಟಲಿಗೆ ಇಳಿಸಿಕೊಂಡನು.

ಗುಳ್ಳಪ್ಪ ಆರು ಬೊಂಬೆಗಳನ್ನೂ ಬೆನ್ನಿಗೆ ಹೇರಿಕೊಂಡು ಗವಿಯ ಮುಂದೆ ನಿಂತನು. ಮುದಿ ಹುಲಿ ಒಂದು ಕಣ್ಣು ತೆರೆಯಿತು.

"ಇವನು ಯಾರು?"

"ನನ್ನ ಬಾಲ, ಪ್ರಭು."

"ನಿನ್ನ ಹಿಂದೆ ಅಲ್ಲಾಡುತ್ತಿರುವುದು?"

"ಅದು... ಅದು ಇವನ ತಮ್ಮ, ಪ್ರಭು."

"ಇವನು?"

"ನನ್ನ ಸೀನು."

ಹುಲಿ ಆ ಬೊಂಬೆಯನ್ನು ಮೂಸಿತು. ಹುಲ್ಲು ಮೂಗಿಗೆ ಹೊಕ್ಕಿತು. "ಆಕ್ಷೀ!" ಎಂದು ಹುಲಿ ಸೀನಿದ ರಭಸಕ್ಕೆ ಬೊಂಬೆ ಚದುರಿಹೋಯಿತು.

"ಈಗ ಬಂದದ್ದು ಯಾರ ಸೀನು?" ಎಂದು ಹುಲಿ ಗಂಭೀರವಾಗಿ ಕೇಳಿತು.

"ತಮ್ಮದೇ, ಪ್ರಭು."

"ಹಾಗಾದರೆ ನಿನ್ನದು ಬಂದಿಲ್ಲ. ಉಳಿದವರಿಗೆ ಕೈಯೂ ಇಲ್ಲ, ಹಲ್ಲೂ ಇಲ್ಲ. ಓಗೊಟ್ಟವನು ನೀನು. ಆರು ಜನರ ಕೆಲಸವನ್ನೂ ನೀನೇ ಮಾಡು." ಹೀಗೆಂದು ಹುಲಿ ಉಳಿದ ಬೊಂಬೆಗಳನ್ನು ತಲೆದಿಂಬು ಮಾಡಿಕೊಂಡು, ನರಿಯ ಬಾಲದ ಮೇಲೆ ಹೊರಳಿ ನಿದ್ದೆಹೋಯಿತು.

ನಡುಹಗಲಾದರೂ ಒಂದು ಪಾದದ ಉಣ್ಣಿಯೂ ಮುಗಿಯಲಿಲ್ಲ. ಅಷ್ಟರಲ್ಲಿ ಎಲ್ಲೋ ನೇರಳೆ ಹಣ್ಣಾಯಿತು. ಅಜ್ಜಿ ಏಳು ಸಲ ಜಗ್ಗಿದಳು. ಉತ್ತರವಿಲ್ಲ. ಮತ್ತೆ ಜಗ್ಗಿದಳು. ಮೂರನೆಯ ಸಲವೂ ಜಗ್ಗಿದಳು.

"ಅಜ್ಜೀ! ನಾನು ಇಲ್ಲಿದ್ದೇನೆ!" ಎಂದು ಗುಳ್ಳಪ್ಪ ಹುಲಿಗೆ ಎಚ್ಚರವಾಗದಂತೆ ಪಿಸುದನಿಯಲ್ಲಿ ಅರಚಿದನು.

"ನೀನು ಎರಡು ಕಣೋ. ನಾನು ಕರೆದದ್ದು ಏಳನ್ನು."

"ಏಳು ನನ್ನ ಬಾಲ!"

"ಹಾಗಾದರೆ ಬಾಲವೇ ಓಗೊಡಲಿ."

ಬಾಲ ಹುಲಿಯ ಕೆಳಗಿತ್ತು. ಅದು ಓಗೊಡಲಿಲ್ಲ.

"ಏಳು ಖಾಲಿ!" ಎಂದು ಅಜ್ಜಿ ಕೂಗುತ್ತಿದ್ದಂತೆಯೇ ಕೊಂಬಯ್ಯ ಅವಳ ಮುಂದೆ ಬಂದಿಳಿದನು. ಹುಟ್ಟಿದಂದಿನಿಂದ ಅವನು ಅಷ್ಟು ಗಟ್ಟಿಯಾಗಿ ಮಾತನಾಡಿರಲಿಲ್ಲ. "ಏಳು ನಮ್ಮ ಗೂಡಿಗೆ, ಅಜ್ಜೀ! ಅಲ್ಲಿ ಓಗೊಡಲು ನನ್ನ ಹೆಂಡತಿ ಇದ್ದಾಳೆ. ಕೊಟ್ಟುಬಿಡಿ!"

"ಕಿವುಡಿ ನಾನಲ್ಲ ಮಗಾ, ಮೆಲ್ಲಗೆ ಹೇಳು. ತೆಗೆದುಕೋ" ಎಂದಳು ಅಜ್ಜಿ. ಕೊಂಬಯ್ಯ ಗೂಡಿಗೆ ಹಾರಿ ನೀಲವ್ವಳಿಗೆ ಸುದ್ದಿ ತಿಳಿಸಿದನು. ಹನ್ನೆರಡು ಹಣ್ಣುಗಳನ್ನೂ ಅವಳಿಗೇ ಉಣಿಸಿದನು.

ಮರುದಿನ ಉಡ ಮತ್ತೆ ಬಂದಿತು. ಅದರ ನಾಲಗೆಯ ಗಾಯ ಆರಿತ್ತು. ಅಜ್ಜಿ ಬಳ್ಳಿ ಜಗ್ಗಿದಳು. ಹಳ್ಳದ ಆಚೆಗಿದ್ದ ಕೊಂಬಯ್ಯ ಎಣಿಸಿದನು. ಐದು, ಆರು... ಅವನ ಕೊಕ್ಕು ತಾನಾಗಿ ಬಳ್ಳಿಯತ್ತ ಚಾಚಿತು. ಏಳು. ಅವನು ಕೊಕ್ಕನ್ನು ರೆಕ್ಕೆಯಡಿ ಒತ್ತಿ ಹಿಡಿದು, ಉಸಿರು ಬಿಗಿದು ಸುಮ್ಮನೆ ಕುಳಿತನು. ಪೊಟರೆಯಿಂದ ಒಂದೇ ಒಂದು ಓ ಬಂದಿತು. ಅಜ್ಜಿ "ಉಡ!" ಎಂದು ಕೂಗಿದಳು. ನೀಲವ್ವ ಹಸಿಮಣ್ಣಿನಿಂದ ಸಂದನ್ನು ಭದ್ರವಾಗಿ ಮುಚ್ಚಿದಳು. ಉಡ ಪರಚಿತು, ನೆಕ್ಕಿತು, ಬರೀ ಮಣ್ಣು ತಿಂದು ಇಳಿದುಹೋಯಿತು.

ಅತ್ತ ಗುಳ್ಳಪ್ಪ ಕೂದಲುದುರಿದ ಬಾಲವನ್ನು ಎಳೆದುಕೊಂಡು ಬಂದು, ಉಳಿದ ಐದು ಸಂಖ್ಯೆಗಳನ್ನೂ ಅಜ್ಜಿಯ ಪಾದಕ್ಕೆ ಒಪ್ಪಿಸಿದನು. ಅಂದಿನಿಂದ ಎರಡು ಸಲ ಬಳ್ಳಿ ಅಲ್ಲಾಡಿದರೂ ಸಾಕು, "ಹಣ್ಣೋ, ಹುಲಿಯೋ?" ಎಂದು ಮೊದಲು ವಿಚಾರಿಸಿಯೇ ಓಗೊಡುತ್ತಿದ್ದನು.

ಕೆಲವು ದಿನಗಳ ನಂತರ ಅಜ್ಜಿ ಏಳು ಸಲ ಜಗ್ಗಿದಾಗ ಪೊಟರೆಯಿಂದ ಒಂದು ಓ ಬಂದಿತು. ಅದರ ಬೆನ್ನಿಗೇ ಇನ್ನೊಂದು, ತೀರ ಪುಟ್ಟದು, ಬಂದಿತು.

"ಇದು ಯಾರೋ ಕೊಂಬಯ್ಯ?"

"ಮರಿ, ಅಜ್ಜಿ" ಎಂದನು ಕೊಂಬಯ್ಯ. ಎಂದಿನಂತೆ ನಾಚಿ ತಲೆ ತಗ್ಗಿಸಿದನು. ಮರುಕ್ಷಣವೇ ಕತ್ತೆತ್ತಿ, "ಅದು ಹಾರಿ ಹೊರಗೆ ಬರುವ ದಿನಕ್ಕೆ ಎಂಟನೆಯ ಸಂಖ್ಯೆ ಬೇಕು. ಈಗಲೇ ಹೇಳಿಟ್ಟಿದ್ದೇನೆ" ಎಂದನು.

ನೀತಿ: ನಿಜವಾಗಿ ಬೇಕಾದುದನ್ನು ಸಂಕೋಚಪಡದೆ ಮೊದಲೇ ಕೇಳಿ ಪಡೆಯಬೇಕು, ತಾನು ಓಗೊಡಲಾರದ ಜಾಗವನ್ನು ಯಾರೂ ಹಿಡಿದಿಟ್ಟುಕೊಳ್ಳಬಾರದು.