ಎಮ್ಮೆ ಹುಡುಕಿದ ಡ್ರೋನು

ಕೂತ್ಕಳಿ. ಯಾರಾದ್ರೂ ಒಬ್ಬರು ಹೂಂಗುಟ್ಟಿ, ಇಲ್ದಿದ್ರೆ ನಾನು ಬಾಯಿ ಬಿಡಲ್ಲ.

ಕಟ್ಟೆಕೊಪ್ಪಲಲ್ಲಿ ಚೆಲುವ ಅಂತ ಒಬ್ಬ ಇದ್ದ. ಮೂವತ್ತು ವರ್ಷದ ಆಳು, ಬುದ್ಧಿ ಮಾತ್ರ ಇನ್ನೂ ತೊಟ್ಟಿಲಲ್ಲೇ. ಏನು ಹೇಳಿದ್ರೋ ಅದನ್ನ ಹಂಗೇ ಮಾಡೋನು, ಒಂದು ಕೂದಲೆಳೆ ಆಚೆ ಈಚೆ ಇಲ್ಲ. ಅವನವ್ವ ನಂಜವ್ವ ಹಾಲು ಮಾರಿ ಅವನನ್ನ ಸಾಕ್ತಿದ್ಲು. ಇದ್ದದ್ದು ಒಂದೇ ಎಮ್ಮೆ, ಅದೂ ತುಂಬು ಗಬ್ಬ. ಇವತ್ತೋ ನಾಳೆಯೋ ಅನ್ನೋ ಹೊತ್ತಲ್ಲಿ ಹಗ್ಗ ಕಿತ್ಕೊಂಡು ಹೊರಟೋಯ್ತು! ನಂಜವ್ವ ಎರಡು ದಿನ ಅಲೆದ್ಲು, ಮಂಡಿ ಊದಿಸ್ಕೊಂಡು ಕೂತ್ಲು.

"ಎಮ್ಮೆ ಹೋದ್ರೆ ನಮ್ಮ ಒಲೆ ಉರಿಯಲ್ಲ ಕಣೋ ಮಗ" ಅಂತ ಅತ್ಲು.

ಪಟ್ಟಣದಿಂದ ಸೋದರಮಾವ ತನ್ನ ಹಳೇ ಡ್ರೋನು ತಂದುಕೊಟ್ಟ. ಅದು ಮೇಲೆ ಹಾರಿದ್ರೆ ಕೆಳಗಿರೋದೆಲ್ಲ ಫೋನಲ್ಲಿ ಕಾಣುತ್ತೆ.

"ಮೇಲಕ್ಕೆ ಬಿಡು ಮಗ!" ಅಂದ್ಲು ನಂಜವ್ವ.

ಬಿಟ್ಟ. ಮೇಲೆ ಅಂದ್ರೆ ಮೇಲೆ! ಹದ್ದಿಗಿಂತ ಮೇಲೆ! ಎಮ್ಮೆ ಇರಲಿ, ಊರೇ ಒಂದು ರಾಗಿ ಕಾಳಷ್ಟಾಯ್ತು.

ದಾರೀಲಿ ಹೋಗ್ತಿದ್ದ ದಫೇದಾರರು ಬೈಕ್ ನಿಲ್ಲಿಸಿದ್ರು. "ಲೇ, ಇಳಿಸೋ! ನಾನೂರು ಅಡಿ ಮೀರಬಾರದು ಅಂತ ದಿಲ್ಲಿ ಕಾನೂನೇ ಐತೆ. ಅದು ಕಣ್ಣಿಗೆ ಕಾಣ್ತಿರಬೇಕು. ಅದರ ಮೇಲಿಂದ ಕಣ್ಣು ಕೀಳಬೇಡ!"

"ಆಗ್ಲಿ ಸ್ವಾಮಿ!"

ಮಾರನೇ ದಿನ ಚೆಲುವ ಕಣ್ಣು ಕೀಳಲೇ ಇಲ್ಲ. ಆಕಾಶ ನೋಡ್ಕೊಂಡೇ ನಡೆದ. ಬೇಲಿ ನುಗ್ಗಿದ, ತಿಪ್ಪೆ ಹತ್ತಿದ, ಸಂಜೆ ಮೈಯೆಲ್ಲ ಕೆಸರಾಗಿ ಬಂದ.

"ಎಮ್ಮೆ ಕಾಣ್ತೇನೋ?"

"ಡ್ರೋನ್ ಕಾಣ್ತವ್ವ. ದಾರೀಲಿ ಏನೋ ದಪ್ಪಗಿರೋದು ಅಡ್ಡ ನಿಂತಿತ್ತು. ಸರ್ಕೊಂಡು ಬಂದೆ."

"ಏನದು?"

"ನೋಡ್ಲಿಲ್ಲ. ಮೂಗು ಒದ್ದೆ ಇತ್ತು, ಕೈ ನೆಕ್ತು."

"ಅಯ್ಯೋ, ಅದೇ ಕಣೋ ನಮ್ಮೆಮ್ಮೆ! ಯಾವ ಜಾಗ ಅದು?"

"ಹೆಂಗ್ ಗೊತ್ತಾಗುತ್ತವ್ವ? ನಾನು ಮೇಲೆ ನೋಡ್ತಿದ್ದೆ."

"ನನ್ನ ಕರ್ಮವೇ! ನಾಳೆ ಫೋನ್ ನೋಡೋ! ಅದರಲ್ಲಿ ಏನು ಕಂಡ್ರೂ ಬಿಡಬೇಡ, ನಿಂತು ಸರಿಯಾಗಿ ನೋಡು!"

ಮೂರನೇ ದಿನ ಫೋನಲ್ಲಿ ಮೊದಲು ಕಂಡೋರು ಪಂಚಾಯ್ತಿ ಕಾರ್ಯದರ್ಶಿಗಳು. ಪಾಪ, ಹಿತ್ತಲಲ್ಲಿ ಚಡ್ಡೀಲಿ ಕೂತು ಮೈಗೆ ಹರಳೆಣ್ಣೆ ತಿಕ್ಕೊಂತಿದ್ರು. ಚೆಲುವ ಬಿಡಲಿಲ್ಲ. ಅವರ ನೆತ್ತಿ ಮೇಲೇ ಡ್ರೋನ್ ನಿಲ್ಲಿಸಿ, ಕಾಲು ಗಂಟೆ ಸರಿಯಾಗಿ ನೋಡಿದ.

ಅವರು ಟವೆಲ್ ಸುತ್ಕೊಂಡು ಓಡಿಬಂದ್ರು. "ಲೋ ಮುಂಡೇದೆ! ಪಂಚಾಯ್ತಿ ಬೋರ್ಡಲ್ಲಿ ಬರೆದಿಲ್ವೇನೋ? ಯಾರ ಮೇಲೆ ಹಾರಿಸಿದ್ರೂ ಮೊದಲು ಅವರನ್ನ ಕೇಳ್ಬೇಕು. ಬೇಡ ಅಂದ್ರೆ ತೆಪ್ಪಗೆ ಮನೆಗೆ ಹೋಗ್ಬೇಕು!"

"ಆಗ್ಲಿ ಬುದ್ಧಿ!"

ನಾಲ್ಕನೇ ದಿನ ನಂಜವ್ವ ಗಂಟಲಿಗೆ ಒಂದು ತುತ್ತು ಇಳಿಸಲಿಲ್ಲ. ಬಾಗಿಲಲ್ಲೇ ಕೂತಿದ್ಲು. ಮಧ್ಯಾಹ್ನ ಚೆಲುವ ನಗ್ತಾ ಬಂದ, ಒಬ್ಬನೇ.

"ಎಮ್ಮೆ ಸಿಕ್ತವ್ವ!"

"ಎಲ್ಲೋ? ಎಲ್ಲಪ್ಪ?"

"ಹುಣಸೇ ತೋಪಲ್ಲಿ. ಫೋನಲ್ಲಿ ದೂರದಿಂದ ಕಾಣ್ತು. ಡ್ರೋನ್ ಇಳಿಸ್ಬಿಟ್ಟು ಓಡೋಗಿ, ಹತ್ರ ನಿಂತು ಕೇಳ್ದೆ, 'ಎಮ್ಮವ್ವ, ನಿನ್ನ ಮೇಲೆ ಹಾರಿಸ್ಲಾ?' ಅಂತ. ತಲೆ ಅಲ್ಲಾಡಿಸ್ತು. ಬೇಡ ಅಂತು. ತೆಪ್ಪಗೆ ಮನೆಗೆ ಬಂದೆ."

ನಂಜವ್ವ ಹಣೆ ಹಣೆ ಚಚ್ಕೊಂಡ್ಲು.

"ಬೇಜಾರಾಗ್ಬೇಡವ್ವ. ಅದರ ಮಗೀನೂ ಕೇಳ್ದೆ."

"ಮಗೀನಾ! ಕರು ಹಾಕೈತೇನೋ?"

"ಹೂಂ, ಹೆಣ್ಗರು. ಅದೂ ಏನೂ ಹೇಳ್ಲಿಲ್ಲ. ಅವರವ್ವನ ಮುಖ ನೋಡ್ತು."

ನಂಜವ್ವ ಅತ್ಲು, ನಕ್ಲು, ಮಗನ ಬೆನ್ನಿಗೊಂದು ಗುದ್ದಿದ್ಲು. ಮಂಡಿ ನೋವು ಮರೆತು ಹಗ್ಗ ಹಿಡ್ಕೊಂಡು ತೋಪಿನ ಕಡೆ ಓಡಿದ್ಲು.

ಚೆಲುವ ಹಿಂದೆ ಓಡ್ತಾ ಕೂಗಿದ: "ಅವ್ವ, ನಿಲ್ಲವ್ವ! ಅದು ಬೇಡ ಅಂದೈತೆ! ಬೋರ್ಡಲ್ಲಿ ಬರೆದವ್ರೆ!"