ಶಿಲುಬೆಯ ಗರಿಯೂ ಗೋಡೆಯ ಹಲ್ಲಿಯೂ

ಇನ್ನಾಸಮ್ಮನ ಮನೆಯ ಶಿಲುಬೆಗೆ ಸಿಕ್ಕಿಸಿದ್ದ ತೆಂಗಿನ ಗರಿಗೂ ಅದರ ಹಿಂದೆ ಬಿಡಾರ ಹೂಡಿದ್ದ ಹಲ್ಲಿಗೂ ಏನೋ ನಂಟಿದೆಯೆಂದು ಇರುವೆಗಳೆಲ್ಲ ಆಡಿಕೊಳ್ಳುತ್ತಿದ್ದವು. ಸುಳ್ಳೇನಲ್ಲ ಬಿಡಿ. ಗರಿಗಳ ಭಾನುವಾರ ಚರ್ಚಿನ ಮೆರವಣಿಗೆಯಲ್ಲಿ ಹಸಿರಾಗಿ ಮೆರೆದು ಬಂದ ಗರಿ ಬೇಸಿಗೆ, ಮಳೆ, ಚಳಿ ಕಳೆಯುವಷ್ಟರಲ್ಲಿ ಒಣಗಿ ಕಡ್ಡಿಯಾಗಿದ್ದಳು. ಹಣೆಗೆ ಬೂದಿ ಹಚ್ಚಿಸಿಕೊಂಡು ಉಪವಾಸ ಹಿಡಿಯುವ ವಿಭೂತಿ ಬುಧವಾರ ಹತ್ತಿರವಾಯಿತು. ಹಳೆಯ ಗರಿಯನ್ನು ಸುಟ್ಟು ಬೂದಿ ಮಾಡಲು ಚರ್ಚಿಗೆ ಕೊಡಬೇಕೆಂದು ಇನ್ನಾಸಮ್ಮ ಕೈ ಚಾಚಿದಳು.

“ಸಂದಿಗೆ ಬಿದ್ದು ಅವಿತುಕೊಳ್ಳೇ, ಸುಟ್ಟುಬಿಡ್ತಾರೆ,” ಎಂದು ಹಲ್ಲಿ ಲೊಚಗುಟ್ಟಿತು.

“ಹಸಿರಾಗಿದ್ದಾಗ ಪ್ರಭುವಿನವಳು. ಬೂದಿಯಾದರೂ ಅವನವಳೇ ಕಣೋ, ಅಳಬೇಡ,” ಎಂದು ಗರಿ ಹೊರಟಳು.

ಬುಧವಾರ ಇನ್ನಾಸಮ್ಮ ಹಣೆಯಲ್ಲಿ ಬೂದಿಯ ಶಿಲುಬೆ ಇಟ್ಟುಕೊಂಡು ಮರಳಿದಳು.

“ಕಳ್ಳಿ, ಒಂದು ಸೊಳ್ಳೆಯನ್ನೂ ಮುಟ್ಟದೆ ನಾನಿಲ್ಲಿ ಅತ್ತರೆ, ನೀನು ಹಣೆಯೇರಿ ಬಂದೆಯಾ?” ಎಂದಿತು ಹಲ್ಲಿ.

“ಹಾಗಾದರೆ ಉಪವಾಸ ಆಗಲೇ ಹಿಡಿದಿದ್ದೀಯ,” ಎಂದಿತು ಬೂದಿ. “ಪ್ರಭು ಸಾವಿನಿಂದ ಎದ್ದು ಬರುವ ಹಬ್ಬದವರೆಗೆ ಇಬ್ಬರೂ ಕೂಡಿ ಕಾಯೋಣ ಬಾ.”