ಎರಡನೆಯ ಗುಂಡು

ಗುರುಗಳೆಂದರೆ ಗಡ್ಡ, ಕಮಂಡಲ, ಆಲದ ಮರ ಎಂದುಕೊಂಡವರಿಗೆ ಭೀಮಶಿ ಮಾಸ್ತರನ್ನು ನೋಡಿದರೆ ನಿರಾಸೆಯಾದೀತು. ಅವರ ಕೊರಳಲ್ಲಿ ರುದ್ರಾಕ್ಷಿಯಿರಲಿಲ್ಲ. ಗುಂಡಿನ ಸದ್ದು ತಡೆಯುವ ದಪ್ಪ ಇಯರ್‌ಮಫ್ ಜೋತಾಡುತ್ತಿತ್ತು.

ಆಶ್ರಮವೆಂದರೆ ಘಟಪ್ರಭೆಯ ದಂಡೆಯ ಹಳೆಯ ಕಲ್ಲುಗಣಿ. ಎರಡು ಕಡೆ ಕಡಿದ ಬಂಡೆ, ಎದುರಿಗೆ ಎತ್ತರದ ಮಣ್ಣಿನ ದಿಬ್ಬ. ಕಲ್ಲು ಮುಗಿದು ಗುತ್ತಿಗೆದಾರರು ಹೋದ ಮೇಲೆ ಅಲ್ಲಿ ಮಾಸ್ತರು ಓಡುತ್ತ ಗುಂಡು ಹೊಡೆಯುವ ಆಟ ಕಲಿಸುತ್ತಿದ್ದರು.

ನಿಂತಲ್ಲೇ ನಿಂತು ಗುರಿಯಿಡುವ ಆಟವಲ್ಲ ಅದು. ಟೈಮರ್ ಕೀಂ ಎಂದೊಡನೆ ಸೊಂಟದಿಂದ ಪಿಸ್ತೂಲು ತೆಗೆಯಬೇಕು. ಓಡಬೇಕು. ಕಾಗದದ ಗುರಿಗಳಿಗೆ ಹೊಡೆಯಬೇಕು. ಸೊಂಟದೆತ್ತರದ ಉಕ್ಕಿನ ಪ್ಲೇಟುಗಳನ್ನು ಕೆಡವಬೇಕು. ಗುರಿಯೂ ಬೇಕು, ವೇಗವೂ ಬೇಕು.

ಒಂದು ದಿನ ಕಸ್ತೂರಿ ಎಂಬ ಪೊಲೀಸ್ ಪೇದೆ ಮೋಟರ್‌ಸೈಕಲ್ಲಿನಲ್ಲಿ ಬಂದಳು. ಇಳಿದವಳು ನಮಸ್ಕಾರಕ್ಕೂ ಮೊದಲು ಫೋನನ್ನು ಅವರ ಮುಂದೆ ಹಿಡಿದಳು.

“ನೋಡ್ರಿ ಸರ್. ಬಡದೈತೋ ಇಲ್ಲೋ, ನೀವ ಹೇಳ್ರಿ.”

ಫೋಟೋದಲ್ಲಿ ಒಂದು ಉಕ್ಕಿನ ಪ್ಲೇಟು. ಅದರ ಕೆಳ ಅಂಚಿನಲ್ಲಿ ಸೀಸ ಉಜ್ಜಿದ ಬೂದುಬಣ್ಣದ ಗುರುತು.

ಮಾಸ್ತರು ಕನ್ನಡಕ ಏರಿಸಿ ನೋಡಿದರು. “ಬಡದೈತಿ.”

ನಡೆದದ್ದು ಇಷ್ಟು. ಹಿಂದಿನ ತಿಂಗಳು ರಾಜ್ಯ ತಂಡದ ಆಯ್ಕೆ ಇತ್ತು. ಕಸ್ತೂರಿಯ ಗುಂಡು ಪ್ಲೇಟಿಗೆ ತಗಲಿತು. ಪ್ಲೇಟು ಓಲಾಡಿತು, ಆದರೆ ಬೀಳಲಿಲ್ಲ.

ಹಾಗಾದಾಗ ಆಟಗಾರರ ಮುಂದೆ ಎರಡು ದಾರಿ. ಇನ್ನೊಂದು ಗುಂಡು ಹೊಡೆದು ಕೆಡವಿ ಮುಂದೆ ಹೋಗಬಹುದು. ಇಲ್ಲವೇ ನಿಂತದ್ದನ್ನು ಹಾಗೇ ಬಿಟ್ಟು, ಆಟ ಮುಗಿದ ಮೇಲೆ ಪರೀಕ್ಷೆ ಕೇಳಬಹುದು. ಆಗ ಅಧಿಕಾರಿ ಅದೇ ಪ್ಲೇಟಿಗೆ ನಿಯಮದಷ್ಟೇ ಮದ್ದು ತುಂಬಿದ ಅಳತೆಯ ಗುಂಡು ಹೊಡೆಯುತ್ತಾರೆ. ಬೀಳದಿದ್ದರೆ ತಪ್ಪು ಪ್ಲೇಟಿನದು, ಆಟಗಾರರಿಗೆ ಹೊಸದಾಗಿ ಅವಕಾಶ. ಬಿದ್ದರೆ ತಪ್ಪು ಆಟಗಾರರದು.

ಕಸ್ತೂರಿ ಎರಡನೆಯ ದಾರಿ ಹಿಡಿದಳು. ಅದೂ ಸುಮ್ಮನೆ ಹಿಡಿಯಲಿಲ್ಲ. ಟೈಮರ್ ಓಡುತ್ತಿದ್ದಾಗಲೇ ನಿಂತು, “ಬಡೀತಲ್ರಿ!” ಎಂದು ಅಧಿಕಾರಿಯ ಮುಖ ನೋಡಿದಳು. ಅಧಿಕಾರಿಯ ಅಳತೆಯ ಗುಂಡಿಗೆ ಪ್ಲೇಟು ಇದಕ್ಕೇ ಕಾದಿದ್ದಂತೆ ಅಂಗಾತ ಮಲಗಿತು. ಅಂಕ ಹೋಯಿತು. ತಂಡದಲ್ಲಿ ಜಾಗವೂ ಹೋಯಿತು.

“ಬಡದಿದ್ದು ಖರೇ ಅಲ್ರಿ?” ಅವಳು ಕೇಳಿದಳು.

“ಖರೇ.”

“ಅಂದ್ರ ನಾ ಹೇಳಿದ್ದು ಖರೇ?”

“ನಿಂದು ಖರೇ ತಂಗಿ.”

ಠಾಣೆಯವರು ಸಮಾಧಾನ ಹೇಳಿದ್ದರು. ಮನೆಯವರು ಬುದ್ಧಿ ಹೇಳಿದ್ದರು. ಒಪ್ಪಿಕೊಂಡವರು ಇವರೊಬ್ಬರೇ. ಅವಳು ಫೋನನ್ನು ಜೇಬಿಗಿಟ್ಟಳು.

ಮಾಸ್ತರ ಕಣ್ಣು ಅವಳ ಸೊಂಟದ ಮೇಲಿತ್ತು. ಹೊಸ ಬೆಲ್ಟು, ಗುಂಡು ತುಂಬಿಡುವ ಮ್ಯಾಗಜೀನುಗಳಿಗೆ ಸಾಲಾಗಿ ಗೂಡು, ಬೆರಳು ತಾಕಿದರೆ ಪಿಸ್ತೂಲನ್ನು ಬಿಟ್ಟುಕೊಡುವ ಗಟ್ಟಿ ಪ್ಲಾಸ್ಟಿಕ್ಕಿನ ಹೋಲ್‌ಸ್ಟರ್.

ಇನ್ನು ಬೈಗುಳ ಶುರುವಾಗುತ್ತದೆ ಎಂದುಕೊಂಡಳು ಕಸ್ತೂರಿ. ಗುರುಗಳಾದವರು ಥಳಕಿನ ಸಾಮಾನು ಕಂಡರೆ ಬೈಯಲೇಬೇಕಲ್ಲ.

“ಭಾಳ ಛಲೋ ಐತಲ್ಲ! ಒಂದ್ಸಲ ನಾ ಕಟ್ಕೊಂಡು ನೋಡ್ಲ್ಯಾ?”

ಕಟ್ಟಿಕೊಂಡರು. ತಮ್ಮ ಖಾಲಿ ಪಿಸ್ತೂಲನ್ನು ದಿಬ್ಬದ ಕಡೆ ಮುಖಮಾಡಿ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಹಬ್ಬಕ್ಕೆ ಹೊಸ ಅಂಗಿ ಹಾಕಿಸಿಕೊಂಡ ಹುಡುಗನ ಖುಷಿ ಅವರ ಮುಖದಲ್ಲಿತ್ತು. ಅವರದೇ ಬೆಲ್ಟಿಗೆ ಮೂರು ಕಡೆ ಹೊಲಿಗೆ ಬಿದ್ದಿತ್ತು.

“ಸಾಮಾನು ಪಕ್ಕಾ ಐತಿ,” ಎಂದರು. “ನಾಳಿಂದ ಬಾ.”

ಕಸ್ತೂರಿ ಬಂದಳು. ರಜೆ ಸಿಕ್ಕಾಗಲೆಲ್ಲ ಬಂದಳು. ರಾಜ್ಯದ ಹೆಸರು ಬರೆದ ಅಂಗಿ ಒಮ್ಮೆಯಾದರೂ ತೊಡಬೇಕು, ಅದೊಂದೇ ಅವಳ ಆಸೆ. ತಂಡದಲ್ಲಿ ಗಂಡು, ಹೆಣ್ಣು ಸೇರಿ ಇದ್ದದ್ದು ನಾಲ್ಕೇ ಜಾಗ.

ಹೊಡೆಯುವುದರಲ್ಲಿ ಮಾಸ್ತರು ಏನನ್ನೂ ತಿದ್ದಲಿಲ್ಲ. ಒಂದು ಕೆಲಸ ಮಾತ್ರ ಮಾಡುತ್ತಿದ್ದರು. ಅವಳು ಬರುವ ಮೊದಲೇ ಯಾವುದೋ ಒಂದು ಪ್ಲೇಟಿನ ಬೋಲ್ಟನ್ನು ಒಂದು ಗುಂಡಿಗೆ ಬೀಳದಂತೆ ಬಿಗಿ ಮಾಡಿಡುತ್ತಿದ್ದರು. ಯಾವುದೆಂದು ಹೇಳುತ್ತಿರಲಿಲ್ಲ.

ಮೊದಲ ಸಲ ಪ್ಲೇಟು ಬೀಳದಾಗ ಕಸ್ತೂರಿ ನಿಂತುಬಿಟ್ಟಳು. “ಸರ್, ಬೀಳವಲ್ತು!”

“ನನಗ್ಯಾಕ ಹೇಳ್ತಿ?” ಎಂದರು ಮಾಸ್ತರು. “ಅದಕ್ಕ ಹೇಳು.”

ಅವಳು ಮತ್ತೆ ಹೊಡೆದಳು. ಪ್ಲೇಟು ಬಿತ್ತು.

ಕೆಲವು ದಿನ ಬಿಟ್ಟು ಹೆಚ್ಚು ಮದ್ದಿನ ಗುಂಡು ತಂದಳು. ಅದರ ಪೆಟ್ಟಿಗೆ ಬಿಗಿ ಮಾಡಿದ ಪ್ಲೇಟೂ ಒಂದೇ ಸಲಕ್ಕೆ ಬಿತ್ತು. ಅವಳು ಗೆದ್ದವಳಂತೆ ಮಾಸ್ತರನ್ನು ನೋಡಿದಳು.

“ವಾ, ಜೋರೈತಿ!” ಎಂದು ಮೆಚ್ಚಿದರು ಅವರು. ಮರುದಿನ ಬೋಲ್ಟನ್ನು ಇನ್ನೊಂದು ಸುತ್ತು ಬಿಗಿ ಮಾಡಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಕಸ್ತೂರಿ ನಿಲ್ಲುವುದನ್ನು ಬಿಟ್ಟಿದ್ದಳು. ಪ್ಲೇಟು ಓಲಾಡಿದರೆ ಎರಡನೆಯ ಗುಂಡು ತಾನಾಗಿ ಹೋಗುತ್ತಿತ್ತು. ಆದರೆ ಹೋಗುವಾಗ ಬಾಯಲ್ಲಿ ಒಂದು ಗೊಣಗಾಟವೂ ಹೋಗುತ್ತಿತ್ತು.

“ಕೈ ಕಲೀತು,” ಎಂದರು ಮಾಸ್ತರು.

“ಮತ್ತೇನು ಉಳೀತ್ರಿ?”

ಮಾಸ್ತರು ಚಹಾ ಸೋಸುತ್ತಿದ್ದರು. ಲೋಟ ಅವಳ ಕೈಗಿಟ್ಟರು.

ಆ ಫೋಟೋ ಇನ್ನೂ ಅವಳ ಫೋನಿನಲ್ಲಿತ್ತು. ಗಣಿಗೆ ಹೊಸಬರು ಯಾರೇ ಬಂದರೂ ಚಹಾ ಆರುವುದರೊಳಗೆ ಅದನ್ನು ತೋರಿಸುತ್ತಿದ್ದಳು. “ಬಡದೈತೋ ಇಲ್ಲೋ, ನೀವ ಹೇಳ್ರಿ.” ಕೊನೆಗೆ ಮಾಸ್ತರ ಕಡೆ ತಿರುಗುತ್ತಿದ್ದಳು.

“ನಿಂದು ಖರೇ,” ಎನ್ನುತ್ತಿದ್ದರು ಮಾಸ್ತರು. ಒಂದು ಸಲವೂ ಬೇಸರಪಡಲಿಲ್ಲ. ನಾನಾಗಿದ್ದರೆ ಆ ಫೋನನ್ನು ಘಟಪ್ರಭೆಗೆ ಅರ್ಪಿಸಿಬಿಡುತ್ತಿದ್ದೆ.

ಒಂದು ಬೆಳಿಗ್ಗೆ ಕಸ್ತೂರಿ ಬೇಗ ಬಂದಾಗ ಮಾಸ್ತರು ಒಬ್ಬರೇ ಅಭ್ಯಾಸ ಮಾಡುತ್ತಿದ್ದರು. ಅವಳು ಇಯರ್‌ಮಫ್ ಏರಿಸಿಕೊಂಡು ಹಿಂದೆ ನಿಂತು ನೋಡಿದಳು.

ಅವಸರವೇ ಇರಲಿಲ್ಲ. ನೋವಿನ ಮೊಣಕಾಲನ್ನು ಮಗುವನ್ನು ನಡೆಸಿದ ಹಾಗೆ ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಖಾಲಿ ಮ್ಯಾಗಜೀನು ನೆಲ ಮುಟ್ಟುವ ಮೊದಲೇ ತುಂಬಿದ್ದು ಒಳಗೆ ಕೂತಿರುತ್ತಿತ್ತು. ಕೈ ಏನು ಮಾಡುತ್ತಿದೆ ಎಂದು ಅವರು ನೋಡುತ್ತಿರಲಿಲ್ಲ. ಕಣ್ಣು ಆಗಲೇ ಮುಂದಿನ ಗುರಿಯ ಮೇಲೆ. ಪ್ಲೇಟುಗಳು ಒಂದೊಂದಾಗಿ ಬಿದ್ದವು.

ಕೊನೆಗೆ ಪಿಸ್ತೂಲು ಖಾಲಿ ಮಾಡಿ, ಪರೀಕ್ಷಿಸುವ ಅಧಿಕಾರಿ ಇಲ್ಲದಿದ್ದರೂ ಎತ್ತಿ ತೋರಿಸಿ, ಸೊಂಟಕ್ಕೆ ಸೇರಿಸಿದರು.

ಕಸ್ತೂರಿ ಟೈಮರ್ ನೋಡಿದಳು. ತಾನು ಎದ್ದೂ ಬಿದ್ದೂ ಓಡಿದರೂ ಆಗದಷ್ಟು ಕಡಿಮೆ ಸಮಯ.

“ಸರ್, ನೀವ್ಯಾಕ ಒಂದ್ಸಲನೂ ರಾಷ್ಟ್ರೀಯ ಪಂದ್ಯಕ್ಕ ಹೋಗಿಲ್ರಿ?”

“ಪ್ರತಿ ವರ್ಷ ಆಯ್ಕೆ ನಡಸಾಕ ನಾನ ಬೇಕಾಗ್ತಿದ್ದೆ. ನಡಸಾವ್ರು ಆಡಂಗಿಲ್ಲ. ಹೋದ ಸಲ ಕಾಲಿನ ಸಲುವಾಗಿ ನಡಸಾಕೂ ಹೋಗಲಿಲ್ಲ.” ಮೊಣಕಾಲು ತಿಕ್ಕಿಕೊಂಡರು. “ಈ ಸಲ ಬ್ಯಾರೆಯವ್ರು ನಡಸ್ತಾರ. ನನ್ನ ಹೆಸರೂ ಕೊಟ್ಟೀನಿ. ಡಾಕ್ಟರು ಈ ಕಾಲಿಗೆ ಇದ ಕಡೀ ವರ್ಷ ಅಂದಾರ. ಒಂದ್ಸಲ ಹೋಗಬೇಕಂತ ಭಾಳ ಆಸೆ ಐತಿ ತಂಗಿ.”

ಕಸ್ತೂರಿ ಅವರ ಕಾಲು ಮುಟ್ಟಿದಳು. ಏಕೆ ಮುಟ್ಟಿದಳೆಂದು ಅವಳಿಗೇ ಗೊತ್ತಾಗಲಿಲ್ಲ.

ಆಯ್ಕೆ ಬೇರೊಂದು ಊರಿನಲ್ಲಿ, ಸಣ್ಣ ಕಡಿಕಲ್ಲು ಹಾಸಿದ ಮೈದಾನದಲ್ಲಿ ನಡೆಯಿತು. ಕೊನೆಯ ಸುತ್ತಿನ ಹೊತ್ತಿಗೆ ಮೂರು ಜಾಗ ಗಟ್ಟಿಯಾಗಿದ್ದವು. ನಾಲ್ಕನೆಯದಕ್ಕೆ ಇಬ್ಬರು ಉಳಿದಿದ್ದರು. ಅಂಕಪಟ್ಟಿಯಲ್ಲಿ ಭೀಮಶಿ ಮಾಸ್ತರ ಹೆಸರಿನ ಕೆಳಗೆ, ಕೂದಲೆಳೆಯ ಅಂತರದಲ್ಲಿ, ಕಸ್ತೂರಿಯ ಹೆಸರಿತ್ತು.

ಮಾಸ್ತರು ಬಂದು, “ಬೆಲ್ಟ್ ಬಿಗಿ ಐತೇನು ನೋಡ್ಕೋ,” ಎಂದು ಹೇಳಿ ಹೋದರು.

ಮಾಸ್ತರ ಸರದಿ ಬಂತು. ಟೈಮರ್ ಕೀಂ ಎಂದಿತು.

ಗಣಿಯಲ್ಲಿ ಕಂಡದ್ದೇ ಇಲ್ಲಿಯೂ. ಸುತ್ತ ನಿಂತಿದ್ದ ಹುಡುಗರು ಪಿಸುಗುಡುವುದನ್ನೂ ಮರೆತು ನೋಡಿದರು. ಎದುರಾಳಿಯೆಂಬುದನ್ನೇ ಮರೆತು ಕಸ್ತೂರಿಯೂ ನೋಡಿದಳು.

ಕೊನೆಯ ಸಾಲಿನ ಪ್ಲೇಟಿಗೆ ಗುಂಡು ಬಡಿಯಿತು. ಠಣ್ ಎಂದದ್ದು ಎಲ್ಲರಿಗೂ ಕೇಳಿತು. ಪ್ಲೇಟು ಒಂದಿಷ್ಟು ಹಿಂದಕ್ಕೆ ವಾಲಿ ಹಾಗೇ ನಿಂತಿತು.

ಮಾಸ್ತರು ಆಗಲೇ ಪಕ್ಕದ ಗುರಿಗೆ ಹೊರಳಿದ್ದರು. ಹೊರಳಿದವರು ತಿರುಗಿ ಬಂದರು. ಇನ್ನೊಂದು ಗುಂಡು. ಪ್ಲೇಟು ಬಿತ್ತು. ಮುಂದೆ ಹೋದರು.

ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ತುಟಿಯೂ ಅಲುಗಲಿಲ್ಲ.

ಒಬ್ಬರ ಆಟ ಮುಗಿದಾಗ ಉಳಿದ ಆಟಗಾರರೇ ಹೋಗಿ ಕಾಗದದ ತೂತುಗಳಿಗೆ ಅಂಟು ಹಚ್ಚುವುದು, ಬಿದ್ದ ಪ್ಲೇಟುಗಳನ್ನು ಎತ್ತಿ ನಿಲ್ಲಿಸುವುದು ಆ ಆಟದ ಪದ್ಧತಿ. ಕಸ್ತೂರಿ ಆ ಪ್ಲೇಟನ್ನು ಎತ್ತಲು ಹೋದಳು.

ಎತ್ತುವಾಗ ಕರಕರ ಎಂದಿತು. ಬಗ್ಗಿ ನೋಡಿದಳು. ಕೀಲಿನಲ್ಲಿ ಒಂದು ಕಡಿಕಲ್ಲು ಸಿಕ್ಕಿಕೊಂಡಿತ್ತು. ಪ್ಲೇಟಿನ ಮೇಲೆ ಎರಡು ಗುರುತುಗಳಿದ್ದವು, ಎರಡೂ ನಟ್ಟನಡುವೆ.

ಅದನ್ನು ಕಂಡವಳು ಅವಳೊಬ್ಬಳೇ.

ಎರಡನೆಯ ಗುಂಡಿಗೆ ಹೋದ ಸಮಯ ಅವಳಿಗೆ ಗೊತ್ತಿತ್ತು. ನಾಲ್ಕನೆಯ ಜಾಗ ಈಗ ಅವಳ ಕೈಗೆಟುಕುವಷ್ಟು ಹತ್ತಿರವಿತ್ತು. ಕಲ್ಲನ್ನು ಎಸೆದು ಬಂದಿದ್ದರೆ ಯಾರೂ ಕೇಳುತ್ತಿರಲಿಲ್ಲ.

“ಸರ್!” ಎಂದು ಅವಳು ಅಧಿಕಾರಿಯನ್ನು ಕೂಗಿದಳು. “ಇಲ್ಲಿ ಬರ್ರಿ! ಕೀಲಿನ್ಯಾಗ ಕಲ್ಲೈತಿ. ಮಾಸ್ತರಿಗೆ ಇನ್ನೊಂದ್ಸಲ ಆಡಾಕ ಕೊಡ್ರಿ!”

ಅಧಿಕಾರಿ ಬಂದರು, ನೋಡಿದರು, ತಲೆಯಾಡಿಸಿದರು.

“ನಿಂತಿದ್ದರೆ ಕೊಡಬಹುದಿತ್ತು. ಬಿದ್ದ ಪ್ಲೇಟಿನ ಮೇಲೆ ತಕರಾರು ನಡೆಯಲ್ಲಮ್ಮ. ಅವರೇ ಕೆಡವಿದ್ದಾರಲ್ಲ.”

ಕಸ್ತೂರಿಯ ಕೈಯಿಂದಲೇ ಕಲ್ಲು ತೆಗೆಸಿದರು. ಅಳತೆಯ ಗುಂಡು ಹೊಡೆದು ಪ್ಲೇಟು ಸರಿಯಿದೆ ಎಂದು ಖಚಿತ ಮಾಡಿಕೊಂಡರು. ಆಟ ಮುಂದುವರಿಯಿತು.

ಕಸ್ತೂರಿಯ ಸರದಿಯಲ್ಲಿ ಆ ಪ್ಲೇಟು ಒಂದೇ ಗುಂಡಿಗೆ ಬಿತ್ತು.

ಸಂಜೆ ಹೆಸರುಗಳನ್ನು ಓದಿದರು. ನಾಲ್ಕನೆಯ ಹೆಸರು ಕಸ್ತೂರಿಯದು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಭೀಮಶಿ ಮಾಸ್ತರು. ರಾಜ್ಯದ ಅಂಗಿ ಅವಳ ಕೈಗೆ ಬಂತು. ಅವಳು ಅದನ್ನು ಬಿಡಿಸಿಯೂ ನೋಡಲಿಲ್ಲ.

ಜನ ಚದುರಿದ ಮೇಲೆ ಮಾಸ್ತರನ್ನು ಹುಡುಕಿಕೊಂಡು ಹೋದಳು. ಅವರು ಮೈದಾನದ ಅಂಚಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಬೆಲ್ಟಿನ ಧೂಳು ಒರೆಸುತ್ತಿದ್ದರು. ಎದುರಿಗೆ ಬಯಲು. ಉಕ್ಕಿನ ಪ್ಲೇಟುಗಳನ್ನೆಲ್ಲ ಆ ದಿನಕ್ಕೆ ಮಲಗಿಸಿದ್ದರು.

“ಕೂಡು,” ಎಂದರು.

ಅವಳು ಕೂರಲಿಲ್ಲ. ಅಂಗೈ ಬಿಚ್ಚಿ ಮುಂದೆ ಹಿಡಿದಳು.

“ನೋಡ್ರಿ ಸರ್.”

ಮಾಸ್ತರು ಕನ್ನಡಕ ಏರಿಸಿ ನೋಡಿದರು. “ಕಲ್ಲು.”

“ಇದು ಇರಲಿಲ್ಲಂದ್ರ ಆ ಜಾಗಾ ನಿಮ್ಮದು.”

“ಖರೇ.”

“ಎರಡನೇ ಗುಂಡು ಹೊಡೀಲಾರದ ಬಿಟ್ಟಿದ್ರ ಇನ್ನೊಂದ್ಸಲ ಆಡಾಕ ಕೊಡ್ತಿದ್ರು.”

“ಅದೂ ಖರೇ.”

ವರ್ಷವಿಡೀ ಬೇಕೆಂದಿದ್ದ ಅಂಗಿಯನ್ನು ಕಸ್ತೂರಿ ಕಟ್ಟೆಯ ಮೇಲೆ ಇಟ್ಟಳು.

“ನಾ ಹೋಗೂದಿಲ್ರಿ. ಹೆಸರು ತಗಸ್ತೀನಿ. ನಿಮ್ಮ ಜಾಗಾ ನಾ ಹೆಂಗ ತಗೊಳ್ಳಲ್ರಿ? ಹಿಂಗಾಗಬಾರ್ದಿತ್ತು. ಇದು ಅನ್ಯಾಯ ಐತ್ರಿ ಸರ್.”

ಮಾಸ್ತರು ಬೆಲ್ಟನ್ನು ಮಡಚಿ ಪಕ್ಕಕ್ಕಿಟ್ಟರು. ಮೊಣಕಾಲನ್ನು ಎರಡೂ ಕೈಯಲ್ಲಿ ಒತ್ತಿಕೊಂಡರು. ನೋವಿತ್ತು, ಆಸೆ ಮುರಿದದ್ದೂ ಮುಖದಲ್ಲಿ ಕಾಣುತ್ತಿತ್ತು. ಅವರು ಎರಡನ್ನೂ ಮುಚ್ಚಿಡಲಿಲ್ಲ.

“ನಿನ್ನ ಸರದಿಗೆ ಆ ಪ್ಲೇಟ್ ಬಿತ್ತೇನು?”

“ಬಿತ್ರಿ.”

“ನನ್ನ ಸರದಿಗೆ?”

“ಎರಡನೇ ಗುಂಡಿಗೆ...”

“ಬಿತ್ತೋ ಇಲ್ಲೋ?”

“ಬಿತ್ರಿ.”

ಮಾಸ್ತರು ಅವಳ ಅಂಗೈಯಿಂದ ಕಲ್ಲನ್ನು ಎತ್ತಿಕೊಂಡು, ಬೇರೆ ಕಲ್ಲುಗಳ ನಡುವೆ ನೆಲಕ್ಕೆ ಬಿಟ್ಟರು. ಬಯಲನ್ನು ಒಮ್ಮೆ ನೋಡಿದರು. ಆಮೇಲೆ ಅವಳ ಕಡೆ ತಿರುಗಿದರು.

“ಮತ್ತ ನಿನ್ನೊಳಗ ಇನ್ನೂ ನಿಂತಿರೂದು ಯಾವುದು ತಂಗಿ?”